ರೆಕ್ಕೆ ನಟ್ಟಿಗೆ ಡ್ರಿಲ್: ಒಂದು ತೀರ್ಪಿನ ಮರುವಿಮರ್ಶೆ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತೀರ್ಪುಗಾರರಾಗಿ ಕುಳಿತವರು ತಾವು ಕೊಟ್ಟ ಅಂಕಗಳ ಬಗ್ಗೆ ಆಮೇಲೆ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಅಂಕಪಟ್ಟಿಗೆ ಸಹಿ ಹಾಕಿ, ಉಪ್ಪಿಟ್ಟು ತಿಂದು, ಬಸ್ಸು ಹತ್ತಿದರೆ ಕೆಲಸ ಮುಗಿಯಿತು. ಆದರೆ ಕೆಲವು ವರ್ಷಗಳ ಹಿಂದೆ ಚಳ್ಳಕೆರೆಯಲ್ಲಿ ನಡೆದ ಒಂದು ಪ್ರದರ್ಶನದಿಂದ ಹಿಂದಿರುಗಿದಾಗ ನನ್ನ ಅಂಗಿಯ ಜೇಬಿನಲ್ಲಿ ಒಂದು ನಟ್ ಉಳಿದುಬಿಟ್ಟಿತ್ತು. ಮೇಜಿನ ಮೇಲಿಂದ ಸುಮ್ಮನೆ ಕೈಗೆತ್ತಿಕೊಂಡು ಮರೆತದ್ದು. ಮನೆಯಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಅದರ ಒಂದು ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇತ್ತು. ಆ ಬಿರುಕೇ ಈ ಲೇಖನಕ್ಕೆ ಕಾರಣ.

ಆ ದಿನ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ತಾಲ್ಲೂಕುಗಳ ಪ್ರೌಢಶಾಲೆಗಳಿಂದ ಮಕ್ಕಳು ಬಂದಿದ್ದರು. ಎಂದಿನಂತೆ ಮಳೆನೀರು ಕೊಯ್ಲು, ಜ್ವಾಲಾಮುಖಿ, ಸೌರ ಒಲೆ. ಇವುಗಳ ನಡುವೆ ಒಂದೇ ವಿಷಯದ ಎರಡು ಮಾದರಿಗಳು ಅಕ್ಕಪಕ್ಕ ಬಂದು ಕುಳಿತಿದ್ದವು: ರೆಕ್ಕೆ ನಟ್ಟನ್ನು ಕೈಯಿಂದ ತಿರುಗಿಸುವ ಬದಲು ಡ್ರಿಲ್ ಯಂತ್ರದಿಂದ ತಿರುಗಿಸುವ ಜೋಡಣೆ. ಅಂಗಡಿಯಲ್ಲಿ ಇದನ್ನು ವಿಂಗ್ ನಟ್ ಎನ್ನುತ್ತಾರೆ, ಕೆಲವರು ಬಟರ್‌ಫ್ಲೈ ನಟ್ ಎನ್ನುತ್ತಾರೆ. ನಡುವೆ ಥ್ರೆಡ್ ಇರುವ ಗುಂಡು, ಎರಡು ಪಕ್ಕಕ್ಕೆ ಎದ್ದು ನಿಂತ ಎರಡು ರೆಕ್ಕೆ. ಪಾನ ಇಲ್ಲದೆ ಬೆರಳಿನಿಂದ ಬಿಗಿದು ಬಿಚ್ಚಬಹುದಾದ ನಟ್. ಹ್ಯಾಕ್‌ಸಾ ಚೌಕಟ್ಟಿನ ತುದಿಯಲ್ಲಿ ಬ್ಲೇಡನ್ನು ಎಳೆದು ಹಿಡಿಯುವುದು ಇದೇ. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಬ್ಯುರೆಟ್ಟನ್ನು ಹಿಡಿದಿರುವ ಕ್ಲಾಂಪಿನಲ್ಲೂ ಇದರ ಬಂಧುವೊಂದು ಸಿಗುತ್ತದೆ.

ಒಂದು ಮಾದರಿ ಚಳ್ಳಕೆರೆಯ ಹುಡುಗನದು. ಒಂದು ಇಂಚಿನ ಜಿ.ಐ. ಪೈಪಿನ ತುಂಡಿನ ಬಾಯಿಗೆ ಅಡ್ಡಲಾಗಿ ನೇರ ಸೀಳು ಹೊಡೆದು, ಹಿಂಬದಿಗೆ ಬೋಲ್ಟ್ ವೆಲ್ಡ್ ಮಾಡಿಸಿದ್ದ. ವೆಲ್ಡಿಂಗ್ ಅಚ್ಚುಕಟ್ಟಾಗಿತ್ತು, ಬೆಳ್ಳಿ ಬಣ್ಣವನ್ನೂ ಬಳಿದಿದ್ದ. ಇನ್ನೊಂದು ಮೊಳಕಾಲ್ಮೂರು ಕಡೆಯ ಹುಡುಗಿಯದು. ತೋಟಕ್ಕೆ ನೀರು ಹಾಯಿಸುವ 32 ಮಿ.ಮೀ. ಪಿ.ವಿ.ಸಿ. ಪೈಪಿನ ಗೇಣಿಗಿಂತ ಚಿಕ್ಕ ತುಂಡು, ಹಿಂಬದಿಗೆ ಅದೇ ಪೈಪಿನ ಮುಚ್ಚಳ, ಮುಚ್ಚಳದ ನಡುವೆ ತೂರಿಸಿ ಎರಡೂ ಕಡೆ ನಟ್ ಬಿಗಿದ ಒಂದು ಬೋಲ್ಟ್. ಬಾಯಿಯ ಸೀಳು ನೇರವಾಗಿರಲಿಲ್ಲ. ಅಡಿಯಲ್ಲಿ ಕಿರಿದು, ಬಾಯಿಯ ಕಡೆಗೆ ಅಗಲ. ಎರಡೂ ಅಂಚು ಇಳಿಜಾರು. ಹ್ಯಾಕ್‌ಸಾ ಗೆರೆಗಳು ಎದ್ದು ಕಾಣುತ್ತಿದ್ದವು.

ಪ್ಲೈವುಡ್ ಹಲಗೆಯೊಂದರಲ್ಲಿ ಹನ್ನೆರಡು ಬೋಲ್ಟ್ ಹಾಕಿ ನಾವು ಸ್ಪರ್ಧೆಯನ್ನೇ ಏರ್ಪಡಿಸಿದೆವು. ಹುಡುಗ ಗೋಡೆಯ ಪ್ಲಗ್ಗಿಗೆ ಡ್ರಿಲ್ ಸಿಕ್ಕಿಸಿ ಗುಂಡಿ ಒತ್ತಿದ. ಝುಯ್ ಎಂದು ನಟ್ ಇಳಿದು ಟಪ್ ಎಂದು ನಿಂತಿತು. ನಿಮಿಷದೊಳಗೆ ಹನ್ನೆರಡೂ ಮುಗಿದು ಚಪ್ಪಾಳೆ ಬಿತ್ತು. ಹುಡುಗಿಯ ಸರದಿ ಬಂತು. ಅವಳು ಗುಂಡಿಯನ್ನು ಅರ್ಧ ಮಾತ್ರ ಒತ್ತಿ ನಿಧಾನವಾಗಿ ತಿರುಗಿಸಿದಳು. ನಟ್ ತಳ ಮುಟ್ಟಿದ ಕೂಡಲೇ ಪೈಪು ರೆಕ್ಕೆಯ ಮೇಲೆ ಹತ್ತಿ ಟಕ್ ಟಕ್ ಎಂದು ಜಾರತೊಡಗಿತು. ಅವಳು ನಿಲ್ಲಿಸಿ, ಪೈಪು ತೆಗೆದು, ಬೆರಳಿನಿಂದ ಒಂದು ಸಲ ಮುಟ್ಟಿ ನೋಡಿ ಮುಂದಿನ ನಟ್ಟಿಗೆ ಹೋಗುತ್ತಿದ್ದಳು. ನಮ್ಮಲ್ಲಿ ಒಬ್ಬರು, 'ಜಾರುತ್ತಲ್ಲಮ್ಮ, ಗಟ್ಟಿ ಪೈಪಿನಲ್ಲಿ ಮಾಡಬೇಕಿತ್ತು' ಎಂದರು. ಅವಳು ಏನೋ ಹೇಳಲು ಹೊರಟಳು, ಆದರೆ ನಾವು ಆಗಲೇ ಪಕ್ಕದ ಜ್ವಾಲಾಮುಖಿಯ ಕಡೆಗೆ ತಿರುಗಿದ್ದೆವು. ಬಹುಮಾನ ಉಕ್ಕಿನ ಪೈಪಿಗೆ ಹೋಯಿತು. ತೀರ್ಪುಗಾರರು ಮೂವರು, ಅವರಲ್ಲಿ ನಾನೂ ಒಬ್ಬ. ಅಂಕಪಟ್ಟಿಯಲ್ಲಿ 'ಜಾರುತ್ತದೆ' ಎಂದು ಬರೆದದ್ದು ನನ್ನದೇ ಕೈಬರಹ.

ಈಗ ಆ ಬಿರುಕು ಬಿಟ್ಟ ನಟ್ಟನ್ನು ಮುಂದಿಟ್ಟುಕೊಂಡು ಎರಡೂ ಮಾದರಿಗಳನ್ನು ಮತ್ತೊಮ್ಮೆ ನೋಡೋಣ.

ಮೊದಲು ನಟ್. ನಮ್ಮ ಪಾಠಗಳಲ್ಲಿ ರೆಕ್ಕೆ ನಟ್ ಬಂದರೆ ಅದು ಸನ್ನೆಗೋಲಿನ ಅಥವಾ ಬಲಯುಗ್ಮದ ಉದಾಹರಣೆಯಾಗಿ ಬರುತ್ತದೆ. ರೆಕ್ಕೆ ಇರುವುದರಿಂದ ಬೆರಳಿಗೆ ಹೆಚ್ಚು ಟಾರ್ಕ್ ಸಿಗುತ್ತದೆ, ಆದ್ದರಿಂದ ಸುಲಭವಾಗಿ ಬಿಗಿಯಬಹುದು ಎಂದು ಹೇಳಿ ಮುಗಿಸುತ್ತೇವೆ. ಇದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಹೆಚ್ಚು ಟಾರ್ಕ್ ಬೇಕಿದ್ದರೆ ಷಡ್ಭುಜ ನಟ್ ಮತ್ತು ಉದ್ದ ಹಿಡಿಯ ಪಾನ ಇದ್ದೇ ಇವೆ. ರೆಕ್ಕೆ ನಟ್ ಬಳಸುವ ಕಡೆಯೆಲ್ಲ ಬೇಕಾಗಿರುವುದು ಇದರ ವಿರುದ್ಧವಾದದ್ದು, ಅಂದರೆ ಇಷ್ಟರಮೇಲೆ ಬಿಗಿಯಬಾರದು ಎಂಬ ಮಿತಿ. ಬೆರಳಿಗೆ ನೋವಾಗುವಲ್ಲಿಗೆ ಬಿಗಿಯುವುದು ನಿಲ್ಲುತ್ತದೆ. ಆ ಮಿತಿ ಎಷ್ಟು ಎಂದು ಲೆಕ್ಕ ಹಾಕುವುದು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಸಾಧ್ಯ.

6 ಮಿ.ಮೀ. ಬೋಲ್ಟಿನ ರೆಕ್ಕೆ ನಟ್ ತೆಗೆದುಕೊಳ್ಳಿ. ಜರ್ಮನ್ ಡಿ.ಐ.ಎನ್. 315 ಮಾನಕದಂತೆ ಅದರ ರೆಕ್ಕೆಯ ತುದಿಯಿಂದ ತುದಿಗೆ ಹೆಚ್ಚೆಂದರೆ 33 ಮಿ.ಮೀ. ಹೆಬ್ಬೆರಳು ಒಂದು ರೆಕ್ಕೆಯನ್ನೂ ತೋರುಬೆರಳು ಇನ್ನೊಂದನ್ನೂ ತಲಾ 30 ನ್ಯೂಟನ್ ಬಲದಿಂದ ಒತ್ತುತ್ತವೆ ಎಂದುಕೊಳ್ಳೋಣ. ಬಲಗಳ ನಡುವಣ ಅಂತರ ಸುಮಾರು 26 ಮಿ.ಮೀ. ಆಗ ಟಾರ್ಕ್ 30 × 0.026, ಅಂದರೆ ಸುಮಾರು 0.8 ನ್ಯೂಟನ್ ಮೀಟರ್. ಈ ಟಾರ್ಕಿನಿಂದ ಬೋಲ್ಟಿನಲ್ಲಿ ಎಷ್ಟು ಎಳೆತ ಹುಟ್ಟುತ್ತದೆ ಎಂದು ಅಂದಾಜು ಮಾಡಲು ಎಂಜಿನಿಯರುಗಳು ಒಂದು ಸರಳ ಸೂತ್ರ ಬಳಸುತ್ತಾರೆ: ಟಾರ್ಕ್ ಅನ್ನು ಬೋಲ್ಟಿನ ವ್ಯಾಸದಿಂದಲೂ 0.2ರಿಂದಲೂ ಭಾಗಿಸುವುದು. ಇಲ್ಲಿ 0.2 ಎಂಬುದು ಥ್ರೆಡ್ಡಿನ ಮತ್ತು ನಟ್ಟಿನ ತಳದ ಘರ್ಷಣೆಯನ್ನು ಒಳಗೊಂಡ ಅಂದಾಜಿನ ಸಂಖ್ಯೆ. ಎಣ್ಣೆ ಹಚ್ಚಿದ್ದರೆ ಕಡಿಮೆ, ತುಕ್ಕು ಹಿಡಿದಿದ್ದರೆ ಹೆಚ್ಚು. ಲೆಕ್ಕ ಮಾಡಿದರೆ ಸುಮಾರು 670 ನ್ಯೂಟನ್ ಬರುತ್ತದೆ. ಒಬ್ಬ ದೊಡ್ಡ ಮನುಷ್ಯ ಹಲಗೆಯ ಮೇಲೆ ನಿಂತಷ್ಟು ಭಾರ! ಎರಡು ಬೆರಳಿಗೆ ಇದೇನು ಕಡಿಮೆಯಲ್ಲ, ಒಂದು ಪ್ರದರ್ಶನ ಫಲಕವನ್ನು ಹಿಡಿದಿಡಲು ಧಾರಾಳವಾಗಿ ಸಾಕು.

ಇನ್ನೊಂದು ತುದಿಯನ್ನು ನೋಡಿ. ಸಾಮಾನ್ಯ 4.6 ದರ್ಜೆಯ 6 ಮಿ.ಮೀ. ಬೋಲ್ಟ್ ಶಾಶ್ವತವಾಗಿ ಎಳೆದುಕೊಳ್ಳದೆ ತಡೆಯಬಲ್ಲ ಎಳೆತ ಸುಮಾರು 4500 ನ್ಯೂಟನ್. ಅದೇ ಸೂತ್ರವನ್ನು ಹಿಂದುಮುಂದಾಗಿ ಬಳಸಿದರೆ ಅಲ್ಲಿಗೆ ಮುಟ್ಟಲು ಬೇಕಾಗುವ ಟಾರ್ಕ್ ಸುಮಾರು 5.4 ನ್ಯೂಟನ್ ಮೀಟರ್. ಇನ್ನು ಬ್ಯಾಟರಿ ಡ್ರಿಲ್ಲಿನ ಪೆಟ್ಟಿಗೆಯ ಮೇಲೆ 30 ನ್ಯೂಟನ್ ಮೀಟರ್ ಎಂದು ಮುದ್ರಿಸಿರುವುದು ಸಾಮಾನ್ಯ. ಬೆರಳು 0.8, ಬೋಲ್ಟಿನ ಮಿತಿ 5.4, ಡ್ರಿಲ್ಲಿನ ಶಕ್ತಿ 30. ಈ ಮೂರು ಸಂಖ್ಯೆಗಳನ್ನು ಆ ದಿನ ನಾವು ಬರೆದುಕೊಂಡಿದ್ದರೆ ಉಕ್ಕಿನ ಪೈಪನ್ನು ನೋಡಿ ಅಷ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಿರಲಿಲ್ಲ. ಬೋಲ್ಟ್ ಹೇಗೋ ತಡೆದುಕೊಂಡೀತು, ಎರಕದ ರೆಕ್ಕೆ ಮತ್ತು ಅಡಿಯ ಪ್ಲೈವುಡ್ ತಡೆಯುವುದಿಲ್ಲ. ನೆನಪು ಮಾಡಿಕೊಂಡರೆ ಆ ಹಲಗೆಯಲ್ಲಿ ವಾಷರುಗಳು ಮುದ್ರೆ ಒತ್ತಿದಂತೆ ಕುಸಿದು ಕೂತಿದ್ದವು. ನಾವು ಅದನ್ನು ಬಿಗಿಯ ಲಕ್ಷಣವೆಂದೇ ತಿಳಿದಿದ್ದೆವು.

ಹುಡುಗನ ಡ್ರಿಲ್ ಗೋಡೆಯ ಪ್ಲಗ್ಗಿನದು. ಈ ಬಗೆಯ 10 ಮಿ.ಮೀ. ಡ್ರಿಲ್ಲುಗಳ ಪೂರ್ಣ ವೇಗ ನಿಮಿಷಕ್ಕೆ ಸುಮಾರು 2600 ಸುತ್ತು. ತೂತು ಕೊರೆಯಲು ಅದು ಬೇಕು, ನಟ್ ತಿರುಗಿಸಲು ಬೇಡ. 6 ಮಿ.ಮೀ. ಬೋಲ್ಟಿನ ಸಾಮಾನ್ಯ ಥ್ರೆಡ್ಡಿನಲ್ಲಿ ಒಂದು ಸುತ್ತಿಗೆ ನಟ್ 1 ಮಿ.ಮೀ. ಇಳಿಯುತ್ತದೆ. ಎರಡು ಸೆಂಟಿಮೀಟರ್ ಇಳಿಯಲು 20 ಸುತ್ತು. ಬೆರಳಿನಿಂದಾದರೆ ಪ್ರತಿ ಸಲ ಅರ್ಧ ಸುತ್ತಿನಂತೆ ನಲವತ್ತು ಸಲ ಹಿಡಿದು ಬಿಡಬೇಕು, ಬೇಸರವಾಗುವುದು ಸಹಜ. 2600 ಸುತ್ತಿನ ಡ್ರಿಲ್ಲಿಗೆ ಅದು ಅರ್ಧ ಸೆಕೆಂಡಿನ ಕೆಲಸವೂ ಅಲ್ಲ. ಆದರೆ ನಟ್ ತಳ ಮುಟ್ಟಿತು ಎಂದು ಕಣ್ಣು ಕಂಡು ಬೆರಳು ಗುಂಡಿ ಬಿಡುವುದಕ್ಕೆ ನಮಗೆ ಕನಿಷ್ಠ 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಆ ಡ್ರಿಲ್ ಎಂಟು ಸುತ್ತಿಗಿಂತ ಹೆಚ್ಚು ತಿರುಗಬಯಸುತ್ತದೆ. ಗುಂಡಿ ಬಿಟ್ಟರೂ ಮೋಟಾರಿನ ತಿರುಗಣೆ ತನ್ನ ಜಡತ್ವದಿಂದ ಇನ್ನೂ ಮುಂದೆ ಹೋಗುತ್ತದೆ. ಸರಿಯಾದ ಸಮಯಕ್ಕೆ ನಿಲ್ಲಿಸುವುದು ಮನುಷ್ಯರಿಂದ ಆಗದ ಮಾತು. ನಿಮಿಷಕ್ಕೆ 300 ಸುತ್ತಿಗೆ ಇಳಿಸಿದರೆ ಅದೇ 0.2 ಸೆಕೆಂಡಿನಲ್ಲಿ ಒಂದೇ ಸುತ್ತು. 20 ಸುತ್ತಿಗೆ ನಾಲ್ಕು ಸೆಕೆಂಡು ಸಾಕು. ಹುಡುಗಿ ಗುಂಡಿಯನ್ನು ಅರ್ಧ ಒತ್ತಿದ್ದು ಅಂಜಿಕೆಯಿಂದ ಎಂದು ನಾವು ಅಂದುಕೊಂಡಿದ್ದೆವು.

ಈಗ ಸೀಳು. ಎರಡೂ ಮಾದರಿಗಳ ನಿಜವಾದ ವ್ಯತ್ಯಾಸ ಉಕ್ಕು ಮತ್ತು ಪ್ಲಾಸ್ಟಿಕ್ಕಿನದಲ್ಲ, ಸೀಳಿನ ಆಕಾರದ್ದು. ನೇರ ಅಂಚಿನ ಸೀಳು ರೆಕ್ಕೆಯನ್ನು ಚಪ್ಪಟೆಯಾಗಿ ಒತ್ತುತ್ತದೆ, ಟಾರ್ಕ್ ಎಷ್ಟೇ ಏರಿದರೂ ಪೈಪನ್ನು ಹೊರಕ್ಕೆ ತಳ್ಳುವ ಬಲ ಹುಟ್ಟುವುದಿಲ್ಲ. ಹಿಡಿದದ್ದನ್ನು ಬಿಡದು. ಇಳಿಜಾರು ಅಂಚಾದರೆ ಹಾಗಲ್ಲ. ರೆಕ್ಕೆ ಅಂಚನ್ನು ಒತ್ತಿದಾಗ ಆ ಒತ್ತಡದ ಒಂದು ಭಾಗ ಪೈಪನ್ನು ತಿರುಗದಂತೆ ತಡೆಯುತ್ತದೆ, ಇನ್ನೊಂದು ಭಾಗ ಪೈಪನ್ನು ಹಿಂದಕ್ಕೆ, ಅಂದರೆ ನಮ್ಮ ಕೈಯ ಕಡೆಗೆ ತಳ್ಳುತ್ತದೆ. ಪಾಠದಲ್ಲಿ ಬರುವ ಇಳಿಜಾರಿನ ಮೇಲಿನ ಪೆಟ್ಟಿಗೆಯ ಚಿತ್ರವನ್ನೇ ಇಲ್ಲಿ ಬರೆದು ನೋಡಬಹುದು. ಅಂಚು 45 ಡಿಗ್ರಿ ಇದ್ದು ಘರ್ಷಣೆ ಇಲ್ಲವೆಂದುಕೊಂಡರೆ ಎರಡೂ ಭಾಗ ಸಮ. ಡ್ರಿಲ್ಲನ್ನು ನಾವು 50 ನ್ಯೂಟನ್ ಬಲದಿಂದ, ಅಂದರೆ ಐದು ಕಿಲೋ ತೂಕದಷ್ಟು, ಒತ್ತಿ ಹಿಡಿದಿದ್ದೇವೆ. ರೆಕ್ಕೆ ಪೈಪಿನ ಅಂಚನ್ನು ಮುಟ್ಟುವ ಜಾಗ ನಡುವಿನಿಂದ ಸುಮಾರು 15 ಮಿ.ಮೀ. ಆಗ ಪೈಪು ಕೊಡಬಲ್ಲ ಗರಿಷ್ಠ ಟಾರ್ಕ್ 50 × 0.015, ಅಂದರೆ 0.75 ನ್ಯೂಟನ್ ಮೀಟರ್. ಅದಕ್ಕಿಂತ ಹೆಚ್ಚಾದರೆ ಪೈಪು ರೆಕ್ಕೆಯ ಮೇಲೆ ಹತ್ತಿ ಜಾರಲೇಬೇಕು. ಘರ್ಷಣೆಯನ್ನೂ ಸೇರಿಸಿ, ಘರ್ಷಣಾಂಕವನ್ನು 0.25 ಎಂದಿಟ್ಟುಕೊಂಡರೆ 1.25ರ ಹತ್ತಿರ ಹೋಗುತ್ತದೆ.

ಮೇಲೆ ನಾವು ಬೆರಳಿಗೆ ಲೆಕ್ಕ ಹಾಕಿದ್ದು 0.8. ಹುಡುಗಿಯ ಪೈಪು ಸರಿಸುಮಾರು ಎರಡು ಬೆರಳಿನಷ್ಟೇ ಬಿಗಿದು, ಅಲ್ಲಿಗೆ ಬಿಟ್ಟುಕೊಡುತ್ತಿತ್ತು. ನಾನು 'ಜಾರುತ್ತದೆ' ಎಂದು ಬರೆದು ಅಂಕ ಕಳೆದದ್ದು ಇದಕ್ಕೆ!

ಇದೇನೂ ಜಗತ್ತಿಗೆ ಹೊಸದಲ್ಲ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಪ್ಲಸ್ ಗುರುತಿನ ಸ್ಕ್ರೂ ತಲೆಯಲ್ಲಿ ತಗ್ಗಿನ ಬದಿಗಳು ಇಳಿಜಾರಾಗಿವೆ. ಟಾರ್ಕ್ ಮೀರಿದಾಗ ಡ್ರೈವರ್ ತಾನಾಗಿ ಮೇಲಕ್ಕೆದ್ದು ಜಾರುತ್ತದೆ. ಬಡಗಿಗಳು ಅದನ್ನು ಬೈಯುತ್ತಾರೆ, ಸರಿಯಾಗಿ ಒತ್ತದಿದ್ದರೆ ತಲೆ ಸವೆಯುವುದೂ ನಿಜ. ಇಂದಿನ ಬ್ಯಾಟರಿ ಡ್ರಿಲ್ಲುಗಳ ಕುತ್ತಿಗೆಯಲ್ಲಿ 1, 2, 3 ಎಂದು ಅಂಕಿ ಬರೆದ ಬಳೆ ಇರುತ್ತದಲ್ಲ, ಅದರ ಒಳಗೂ ಹೆಚ್ಚುಕಡಿಮೆ ಇದೇ ಉಪಾಯ: ಸ್ಪ್ರಿಂಗ್ ಒತ್ತಿ ಹಿಡಿದ ಗುಂಡುಗಳು ದಿಣ್ಣೆಗಳ ಮೇಲೆ ಹತ್ತಿ ಜಾರುತ್ತವೆ. ಬಳೆ ತಿರುಗಿಸಿದಂತೆ ಸ್ಪ್ರಿಂಗಿನ ಒತ್ತಡ ಬದಲಾಗುತ್ತದೆ. ಹುಡುಗಿಯ ಡ್ರಿಲ್ಲಿನಲ್ಲಿ ಆ ಬಳೆ ಇರಲಿಲ್ಲ. ಅವಳು ಅದನ್ನು ಪೈಪಿನ ಬಾಯಲ್ಲೇ ಕತ್ತರಿಸಿದ್ದಳು, ಸ್ಪ್ರಿಂಗಿನ ಬದಲು ತನ್ನ ತೋಳನ್ನು ಇಟ್ಟಿದ್ದಳು.

ಹಾಗೆಂದು ಅವಳ ಮಾದರಿಯನ್ನು ಸುಮ್ಮನೆ ಹೊಗಳಿ ಬಿಟ್ಟರೆ ಮತ್ತೊಂದು ತಪ್ಪಾದೀತು. ಪಿ.ವಿ.ಸಿ. ಈ ಕೆಲಸಕ್ಕೆ ಬಹುಕಾಲ ಬಾಳುವುದಿಲ್ಲ. ಪ್ರತಿ ಜಾರುವಿಕೆಗೂ ಅಂಚು ಸ್ವಲ್ಪ ಸವೆಯುತ್ತದೆ; ಸವೆದಂತೆ ಇಳಿಜಾರು ಬದಲಾಗಿ ಜಾರುವ ಮಿತಿಯೂ ಬದಲಾಗುತ್ತದೆ. ಸೀಳಿನ ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ, ಆದ್ದರಿಂದ ಮೊದಲು 5 ಮಿ.ಮೀ. ತೂತು ಕೊರೆದು ಆ ತೂತಿನವರೆಗೆ ಸೀಳುವುದು ಮೇಲು. ಅವಳು ಹಾಗೆ ಮಾಡಿರಲಿಲ್ಲ. ಮುಚ್ಚಳದ ನಡುವಿನ ತೂತು ಕೂದಲೆಳೆ ಪಕ್ಕಕ್ಕೆ ಸರಿದಿದ್ದರಿಂದ ಪೈಪು ತೊನೆಯುತ್ತಲೇ ತಿರುಗುತ್ತಿತ್ತು. ನಿಧಾನ ವೇಗದಲ್ಲಿ ಅದು ನಡೆಯುತ್ತದೆ. 2600 ಸುತ್ತಿನಲ್ಲಾಗಿದ್ದರೆ ಪೈಪು ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸಲ ರೆಕ್ಕೆಯನ್ನು ಸುತ್ತಿಗೆಯಂತೆ ಬಡಿಯುತ್ತಿತ್ತು. ಮುಖ್ಯವಾಗಿ, ಬಿಚ್ಚುವಾಗ ಈ ಮಾದರಿ ಸೋಲುತ್ತದೆ. ಎರಡೂ ಅಂಚು ಇಳಿಜಾರು, ಹಾಗಾಗಿ ಎಡಕ್ಕೆ ತಿರುಗಿಸಿದರೂ ಅದೇ ಮಿತಿ. ಮಳೆಗೆ ನೆನೆದು ತುಕ್ಕು ಹಿಡಿದ ನಟ್ ಅಷ್ಟಕ್ಕೆಲ್ಲ ಅಲುಗುವುದಿಲ್ಲ. ಬಿಗಿಯುವ ದಿಕ್ಕಿನ ಅಂಚನ್ನು ಮಾತ್ರ ಇಳಿಜಾರು ಮಾಡಿ, ಬಿಚ್ಚುವ ದಿಕ್ಕಿನದನ್ನು ನೇರ ಬಿಟ್ಟಿದ್ದರೆ ಇದು ಬಗೆಹರಿಯುತ್ತಿತ್ತು. ಹುಡುಗನ ಉಕ್ಕಿನ ಪೈಪಿಗೂ ಇದೇ ತಿದ್ದುಪಡಿ ಹೊಂದುತ್ತದೆ. ಅರದಿಂದ ಒಂದು ಅಂಚನ್ನು ಇಳಿಜಾರಾಗಿ ಉಜ್ಜಿ, ಚೂರು ಗ್ರೀಸ್ ಹಚ್ಚಿದರೆ ಬಾಳಿಕೆಯೂ ಮಿತಿಯೂ ಒಟ್ಟಿಗೆ ಸಿಗುತ್ತವೆ. ಅಂದು ಯಾರಾದರೂ ಆ ಇಬ್ಬರು ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದರೆ ಸಾಕಿತ್ತು.

ಹುಡುಗನ ಮಾದರಿಯಲ್ಲಿ ಮೆಚ್ಚಬೇಕಾದದ್ದೂ ಇದೆ. ಇಂಥ ಜೋಡಣೆ ಮಾಡುವ ಹಲವರು ಒಂದು ಸರಳನ್ನು 'ಎಲ್' ಆಕಾರಕ್ಕೆ ಬಾಗಿಸಿ ಒಂದೇ ರೆಕ್ಕೆಯನ್ನು ತಳ್ಳುತ್ತಾರೆ. ಒಂದೇ ಕಡೆ ಬಲ ಬಿದ್ದರೆ ನಟ್ ತಿರುಗುವುದರ ಜೊತೆಗೆ ಪಕ್ಕಕ್ಕೂ ತಳ್ಳಲ್ಪಟ್ಟು ಥ್ರೆಡ್ ಕಚ್ಚಿಕೊಳ್ಳುತ್ತದೆ. ಪೈಪಿನ ಸೀಳು ಎರಡೂ ರೆಕ್ಕೆಯನ್ನು ಸಮನಾಗಿ ತಳ್ಳುತ್ತದೆ. ಇದು ಶುದ್ಧ ಬಲಯುಗ್ಮ. ನಟ್ಟಿನಿಂದ ಮೇಲೆ ಚಾಚುವ ಬೋಲ್ಟಿನ ತುದಿಗೂ ಪೈಪಿನ ಟೊಳ್ಳಿನಲ್ಲಿ ಜಾಗವಿದೆ. ಒಂದು ಇಂಚಿನ ಜಿ.ಐ. ಪೈಪಿನ ಹೊರ ವ್ಯಾಸ 34 ಮಿ.ಮೀ. ಹತ್ತಿರ ಇರುವುದರಿಂದ 33 ಮಿ.ಮೀ. ರೆಕ್ಕೆ ಪೈಪಿನ ಅಂಚಿನೊಳಗೇ ಅಡಗುತ್ತದೆ. ತಿರುಗುವ ರೆಕ್ಕೆ ಹೊರಗೆ ಚಾಚಿಕೊಂಡಿದ್ದರೆ ಬೆರಳಿಗೆ ಬಡಿಯುವ ಅಪಾಯ. ಇದನ್ನು ಯೋಚಿಸಿ ಆರಿಸಿದ್ದನೋ ಸಿಕ್ಕಿದ ಪೈಪು ಹೊಂದಿತೋ ಕೇಳುವಷ್ಟು ವ್ಯವಧಾನ ನಮಗೆ ಇರಲಿಲ್ಲ.

ಅಪಾಯದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ನಟ್ ಥಟ್ಟನೆ ನಿಂತಾಗ ಡ್ರಿಲ್ಲೇ ತಿರುಗಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ವಿನಾಯಿತಿ ಇಲ್ಲ. 30 ನ್ಯೂಟನ್ ಮೀಟರ್ ಟಾರ್ಕಿನ ಯಂತ್ರವನ್ನು ನಡುವಿನಿಂದ 15 ಸೆಂ.ಮೀ. ದೂರದ ಹಿಡಿಯಲ್ಲಿ ಹಿಡಿದರೆ ಕೈ ತಡೆಯಬೇಕಾದ ಬಲ 200 ನ್ಯೂಟನ್. ಹದಿನಾಲ್ಕರ ಹರೆಯದ ಮಗುವಿನ ಮಣಿಕಟ್ಟಿಗೆ ಇದು ಆಟವಲ್ಲ. ಜಾರುವ ಪೈಪಿನಲ್ಲಿ ನಟ್ಟಿನಿಂದ ಮಣಿಕಟ್ಟಿಗೆ ಬರುವ ಟಾರ್ಕ್ 1.25ನ್ನು ಮೀರದು. ತಿರುಗುವ ಪೈಪಿನ ಹತ್ತಿರ ದುಪಟ್ಟಾ, ಬಿಟ್ಟ ಜಡೆ, ಸಡಿಲ ತೋಳು, ಕೈಗವಸು ಯಾವುದೂ ಇರಬಾರದು. ಕೈಗವಸು ರಕ್ಷಣೆ ಎಂದುಕೊಂಡು ಹಾಕಿಸುವ ಶಿಕ್ಷಕರಿದ್ದಾರೆ. ಅದು ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಬಿರುಕು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಕೆಲವು ವಾರಗಳ ನಂತರ ಬೇರೆ ಕೆಲಸಕ್ಕೆಂದು ಮೊಳಕಾಲ್ಮೂರಿಗೆ ಹೋದವನು ಆ ಹುಡುಗಿಯ ಶಾಲೆಯನ್ನು ಹುಡುಕಿಕೊಂಡು ಹೋದೆ. ಅಶೋಕನ ಶಾಸನಗಳ ಬ್ರಹ್ಮಗಿರಿ, ಸಿದ್ದಾಪುರಗಳಿರುವ ತಾಲ್ಲೂಕು ಅದು. ಸುತ್ತ ಬಂಡೆಗಲ್ಲಿನ ಗುಡ್ಡಗಳು. ಅವಳ ತಂದೆ ಜಾತ್ರೆಗಳಲ್ಲಿ ಅಂಗಡಿ ಮಳಿಗೆಗಳ ಚೌಕಟ್ಟು ಕಟ್ಟುವವರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಂಥ ದೊಡ್ಡ ಜಾತ್ರೆ ಬಂತೆಂದರೆ ಕಬ್ಬಿಣದ ಪಟ್ಟಿ, ಪ್ಲೈವುಡ್ ಹಲಗೆ, ನೂರಾರು ರೆಕ್ಕೆ ನಟ್. ಕಟ್ಟುವುದು ಒಂದು ದಿನ, ಬಿಚ್ಚುವುದು ಒಂದು ರಾತ್ರಿ. ತಂದೆಯ ಹೆಬ್ಬೆರಳಿನ ಬುಡ ಊದಿಕೊಳ್ಳುತ್ತದೆಂದು ಅವಳು ಇದನ್ನು ಮಾಡಿದ್ದು. ನಾವು ಮೂವರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಅಂದು ಕೇಳಿದೆ: ಸೀಳು ಹೀಗೇಕೆ?

'ಮೊದ್ಲು ನೆಟ್ಟಗೇ ಕೊಯ್ದಿದ್ದೆ ಸರ್. ಹಲಗೆ ತೂತು ದೊಡ್ಡದಾಗಿ ನಮ್ಮಪ್ಪ ಬೈದ್ರು. ಆಮೇಲೆ ಜಾರೋ ಹಂಗೆ ಮಾಡ್ದೆ. ಅವತ್ತು ಅದನ್ನೇ ಹೇಳೋಣ ಅಂತಿದ್ದೆ.'

ಷಡ್ಭುಜ ನಟ್ ಹಾಕಿಬಿಟ್ಟರೆ ಆಗದೇ ಎಂದೂ ಕೇಳಿದೆ. ಇದು ಗಂಭೀರವಾದ ಆಕ್ಷೇಪಣೆಯೇ. 6 ಮಿ.ಮೀ. ಬೋಲ್ಟಿನ ನಟ್ಟಿಗೆ 10 ಮಿ.ಮೀ. ಸಾಕೆಟ್ ಹೊಂದುತ್ತದೆ, ಡ್ರಿಲ್ಲಿಗೆ ಸಿಕ್ಕಿಸುವ ಸಾಕೆಟ್‌ಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ರೆಕ್ಕೆ ನಟ್ಟಿಗೆಂದೇ ತಯಾರಿಸಿದ ಸೀಳುಬಾಯಿಯ ಸಾಕೆಟ್ ಹೊರದೇಶಗಳಲ್ಲಿ ಉಂಟು. ಚಳ್ಳಕೆರೆಯಲ್ಲಿ ನಾನು ಕೇಳಿದ ಅಂಗಡಿಯಾತ ನನ್ನ ಮುಖವನ್ನೇ ನೋಡಿದ. ಹಾಗಿದ್ದರೆ ನಟ್ಟನ್ನೇ ಬದಲಿಸುವುದು ಸುಲಭವಲ್ಲವೇ? ಅವಳ ಉತ್ತರ ಚಿಕ್ಕದು: 'ರಾತ್ರಿ ಜಾತ್ರೇಲಿ ಬ್ಯಾಟ್ರಿ ಮುಗಿದ್ರೆ ಕೈಯಲ್ಲಾದ್ರೂ ಬಿಚ್ಚೋಕೆ ಬರ್ಬೇಕಲ್ಲ ಸರ್.' ಡ್ರಿಲ್ ಇದ್ದರೆ ವೇಗ, ಇಲ್ಲದಿದ್ದರೂ ಕೆಲಸ ನಿಲ್ಲಬಾರದು. ಉಕ್ಕಿನ ಪೈಪಿನಿಂದ ಬಿಗಿದ ನಟ್ಟನ್ನು ಬೆರಳಿನಿಂದ ಬಿಚ್ಚಲಾಗದು ಎಂಬುದು ನನಗೆ ಹೊಳೆದದ್ದು ಆಗಲೇ. ಅದು ರೆಕ್ಕೆ ನಟ್ಟನ್ನು ಪಾನ ಬೇಕಾದ ನಟ್ಟಾಗಿ ಮಾಡಿಬಿಡುತ್ತದೆ.

ಆ ಮನೆಯ ಪಕ್ಕದಲ್ಲಿ ಗುಂಡಿಮಗ್ಗವೊಂದು ನಡೆಯುತ್ತಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನೇಯುವವರು ಹಾಸಿನ ಎಳೆಗಳ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿ ಬಿಗಿ ನೋಡುತ್ತಿದ್ದರು. ಸಡಿಲವಾದರೆ ಬಟ್ಟೆ ಕೆಡುತ್ತದೆ, ಬಿಗಿಯಾದರೆ ಎಳೆ ಹರಿಯುತ್ತದೆ. ಹುಡುಗಿ ಪ್ರತಿ ನಟ್ಟನ್ನೂ ಬೆರಳಿನಿಂದ ಒಂದು ಸಲ ಮುಟ್ಟಿ ನೋಡುತ್ತಿದ್ದುದು ನೆನಪಾಯಿತು. ಅವಳಿಗೆ ಅದನ್ನು ಯಾರೂ ಕಲಿಸಿರಲಿಕ್ಕಿಲ್ಲ.

ಇನ್ನು ನಮ್ಮ ಅಂಕಪಟ್ಟಿ. ಅದರಲ್ಲಿ ನಾಲ್ಕು ಕಲಮುಗಳಿದ್ದವು: ಹೊಸತನ, ಉಪಯುಕ್ತತೆ, ಅಂದ, ವಿವರಣೆ. ವೇಗ ಎಂಬ ಕಲಮು ಇರಲೇ ಇಲ್ಲ, ಆದರೂ ನಾವು ಅಳೆದದ್ದು ವೇಗವನ್ನು ಮಾತ್ರ, ಏಕೆಂದರೆ ಕೈಯಲ್ಲಿ ಗಡಿಯಾರ ಇತ್ತು. ಒಂದು ಸ್ಪ್ರಿಂಗ್ ತಕ್ಕಡಿ ಇದ್ದಿದ್ದರೆ ಬಿಗಿದ ನಟ್ಟಿನ ರೆಕ್ಕೆಯ ತುದಿಗೆ ದಾರ ಕಟ್ಟಿ, ಅಡ್ಡಲಾಗಿ ಎಳೆದು, ಎಷ್ಟು ಬಲಕ್ಕೆ ಅಲುಗುತ್ತದೆಂದು ನೋಡಬಹುದಿತ್ತು. 16 ಮಿ.ಮೀ. ದೂರದಲ್ಲಿ 50 ನ್ಯೂಟನ್ ಎಳೆತ ಬೇಕಾದರೆ ಟಾರ್ಕ್ 0.8. (ಒಂದೇ ರೆಕ್ಕೆ ಎಳೆಯುವುದರಿಂದ ಪಕ್ಕದ ತಳ್ಳುವಿಕೆ ಸೇರಿ ಅಂಕಿ ಸ್ವಲ್ಪ ಏರುಪೇರಾಗುತ್ತದೆ, ಹೋಲಿಕೆಗೆ ಅಡ್ಡಿಯಿಲ್ಲ.) ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣಕ್ಕೆ ಶಿಕ್ಷಕರು ತರಬೇತಿಗೆ ಹೋಗಿ ಪ್ರಯೋಗಗಳನ್ನು ಕೈಯಾರೆ ಮಾಡಿ ಬರುತ್ತಾರೆ. ಅಳತೆ ಇಲ್ಲದೆ ಮಾತಾಡಬಾರದೆಂದು ಅಂಥ ಕಡೆ ಕಲಿಯುವ ನಾವು ಪ್ರದರ್ಶನದ ಪೆಂಡಾಲಿಗೆ ಬಂದೊಡನೆ ಕಣ್ಣಂದಾಜಿಗೆ ಇಳಿಯುತ್ತೇವೆ. ಅಂದಕ್ಕೆ ಕೊಟ್ಟ ಅಂಕದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬೆಳ್ಳಿ ಬಣ್ಣ ನಿಜಕ್ಕೂ ಚೆನ್ನಾಗಿತ್ತು.

ಫಲಿತಾಂಶ ಬದಲಿಸುವ ಅಧಿಕಾರ ನನಗಿರಲಿಲ್ಲ. ಬಿರುಕು ಬಿಟ್ಟ ನಟ್ಟನ್ನೂ ಮೇಲಿನ ಲೆಕ್ಕವನ್ನೂ ಆ ಶಾಲೆಯ ವಿಜ್ಞಾನ ಶಿಕ್ಷಕಿಗೆ ಕೊಟ್ಟು ಬಂದೆ. ಹುಡುಗಿ ಲೆಕ್ಕವನ್ನು ಓದಿ, 45 ಡಿಗ್ರಿಯ ಬದಲು 60 ಮಾಡಿದರೆ ಏನಾಗುತ್ತದೆ ಎಂದು ಕೇಳಿದಳು. ಅಂಚು ಹೆಚ್ಚು ಕಡಿದಾದಂತೆ ಜಾರುವ ಮಿತಿ ಏರುತ್ತದೆ, ಒಂದು ಹಂತ ದಾಟಿದರೆ ಘರ್ಷಣೆಯೇ ಹಿಡಿದುಕೊಂಡು ಜಾರುವುದೇ ಇಲ್ಲ ಎಂದೆ. ಆ ಹಂತ ಯಾವ ಕೋನಕ್ಕೆ ಬರುತ್ತದೆ ಎಂದು ಮರುಪ್ರಶ್ನೆ ಬಂತು. ಘರ್ಷಣಾಂಕ 0.25 ಆದರೆ ಸುಮಾರು 76 ಡಿಗ್ರಿ. ಕಾಗದದ ಮೇಲೆ ಇದನ್ನು ಮಾಡಿ ತೋರಿಸುವಷ್ಟರಲ್ಲಿ ಚಳ್ಳಕೆರೆಯ ಬಸ್ಸು ಹೊರಟುಹೋಗಿತ್ತು.